ಅಟ್ಟ ಬಿದ್ದ ಬಗೆ

ಅಣ್ಣನೂ ನಾನೂ ಅತಿ ಹೆಚ್ಚು ಮಾತಾಡಿದ್ದು ಅಮೆರಿಕದ ಆ ಎರಡು ಗೋಪುರಗಳ ಬಗ್ಗೆ. ಅದೂ ಅವು ಬಿದ್ದು ಐದಾರು ವರ್ಷ ಕಳೆದ ಮೇಲೆ. ವಿಮಾನ ಬಡಿದು, ಬೆಂಕಿ ಹೊತ್ತಿಕೊಂಡು, ಉಕ್ಕು ಸೋತು ಕುಸಿದವು ಎನ್ನುವುದು ನನ್ನ ಪಕ್ಷ. ವಿಮಾನ ಬರೀ ಕಣ್ಣಿಗೆ ಮಣ್ಣೆರಚಲು, ಒಳಗೆ ಒಂದೊಂದು ಅಂತಸ್ತಿಗೂ ಮೊದಲೇ ಸಿಡಿಮದ್ದು ಇಟ್ಟಿದ್ದರು ಎನ್ನುವುದು ಅವನ ಪಕ್ಷ. ನಮ್ಮಿಬ್ಬರಲ್ಲಿ ಯಾರೂ ಅಮೆರಿಕ ನೋಡಿದವರಲ್ಲ. ಅಣ್ಣ ಹತ್ತಿದ ಅತಿ ಎತ್ತರದ ಕಟ್ಟಡ ಶಿವಮೊಗ್ಗದ ಒಂದು ಆಸ್ಪತ್ರೆ; ಅದನ್ನೂ ಹತ್ತಿದ್ದು ಈ ವಾದವೆಲ್ಲ ಮುಗಿಯುವ ಹೊತ್ತಿಗೆ.

ಆಗ ನಾನು ಕೊಪ್ಪದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಪೇಟೆಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮದುವೆಯಾಗಿರಲಿಲ್ಲ, ಆಗುವ ಮಾತನ್ನು ಸಂಬಂಧಿಕರೂ ಕೈಬಿಟ್ಟಿದ್ದರು. ಕಾಲೇಜಿನಲ್ಲಿ ಎಲ್ಲರೂ ಒಳ್ಳೆಯವರೇ, ಆದರೆ ಗಂಟೆ ಬಾರಿಸಿದ ಮೇಲೆ ಅವರವರ ಮನೆ ಅವರವರಿಗೆ. ವಾರವೆಲ್ಲ ತರಗತಿಯಲ್ಲಿ ಗಂಟಲು ಹರಿಯುವಷ್ಟು ಮಾತಾಡಿಯೂ ಯಾರೊಡನೆಯೂ ಮಾತಾಡಿಲ್ಲ ಅನಿಸುತ್ತಿತ್ತು. ಭಾನುವಾರ ಬಸ್ಸು ಹತ್ತಿ ಶೃಂಗೇರಿ ಹತ್ತಿರದ ಮೆಣಸೆಗೆ ಹೋಗುತ್ತಿದ್ದೆ. ಅಪ್ಪ, ಅಮ್ಮ ಇಬ್ಬರೂ ಹೋಗಿಯಾಗಿತ್ತು. ತವರು ಎಂದರೆ ಅಣ್ಣ ಮತ್ತು ಅತ್ತಿಗೆ.

ಅಣ್ಣ ನನಗಿಂತ ಬಹಳ ದೊಡ್ಡವನು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು. ಆದರೆ ನಾನು ಓದಲು ಮೈಸೂರಿಗೆ ಹೋಗಿ ಬಂದ ಮೇಲೆ ಅವನ ಮಾತು ಮೂರು ಪ್ರಶ್ನೆಗಳಿಗೆ ಇಳಿದಿತ್ತು: ಬಸ್ಸಿನಲ್ಲಿ ಸೀಟು ಸಿಕ್ಕಿತಾ, ಆರೋಗ್ಯವಾ, ವಾಪಸು ಯಾವ ಬಸ್ಸಿಗೆ. ಓದಿದ ತಂಗಿಯ ಮುಂದೆ ಅವನಿಗೆ ಸಂಕೋಚವಿತ್ತೋ, ಹೈಸ್ಕೂಲಿಗೇ ಓದು ಬಿಟ್ಟ ಅಣ್ಣನ ಮುಂದೆ ನನಗೆ ಸಂಕೋಚವಿತ್ತೋ, ಈಗ ಖಚಿತವಾಗಿ ಹೇಳಲಾರೆ. ನಮ್ಮಿಬ್ಬರ ನಡುವೆ ಅತ್ತಿಗೆ ಕಾಫಿ ತಂದಿಟ್ಟು ಮಾತನ್ನೂ ತಾನೇ ತುಂಬುತ್ತಿದ್ದಳು.

ಆಮೇಲೆ ಆ ಸಿ.ಡಿ. ಬಂತು. ಶೃಂಗೇರಿಯಲ್ಲಿ ಕೇಬಲ್ ಟಿ.ವಿ. ನಡೆಸುತ್ತಿದ್ದ ಅಣ್ಣನ ಸ್ನೇಹಿತನೊಬ್ಬ ಅದನ್ನು ಎಲ್ಲಿಂದಲೋ ನಕಲು ಮಾಡಿಸಿ ತಂದಿದ್ದ. ಗೋಪುರ ಬೀಳುವ ದೃಶ್ಯವನ್ನು ನಿಧಾನ ಮಾಡಿ, ನಿಲ್ಲಿಸಿ, ಕಿಟಕಿಗಳಿಂದ ಹೊಗೆ ಚಿಮ್ಮುವ ಕಡೆಗೆಲ್ಲ ಬಾಣದ ಗುರುತು ಹಾಕಿದ್ದರು. ಒಂದು ಭಾನುವಾರ ನಾನು ಹೋದಾಗ ಇಬ್ಬರೂ ಟಿ.ವಿ.ಗೆ ಮೂಗು ತಾಗಿಸುವಷ್ಟು ಹತ್ತಿರ ಕೂತಿದ್ದರು. ಅಣ್ಣ ತಿರುಗಿ, ಬಸ್ಸಿನ ವಿಷಯವನ್ನೇ ಕೇಳದೆ, "ಅಲ್ಲ ಕೂಸೇ, ಉಕ್ಕು ಸೀಮೆಎಣ್ಣೆಗೆ ಕರಗ್ತದಾ?" ಎಂದ. "ಹಂಗಾರೆ ನಿನ್ನ ಕೊಪ್ಪದ ಸ್ಟೌವ್ ಇಷ್ಟೊತ್ತಿಗೆ ನೀರಾಗಿ ಹರೀಬೇಕಿತ್ತು."

ನನಗೆ ನಗು ಬಂತು. ಮೂರು ಪ್ರಶ್ನೆಗಳಲ್ಲದ ಒಂದು ಪ್ರಶ್ನೆಯನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ.

ಕರಗಬೇಕಾಗಿಲ್ಲ ಎಂದೆ. ಕುಲುಮೆಯಲ್ಲಿ ಕತ್ತಿಯನ್ನು ಕಾಯಿಸಿ ಬಡಿಯುವಾಗ ಅದೇನು ನೀರಾಗಿರುತ್ತದೆಯೇ? ಕೆಂಪಗಾದರೆ ಸಾಕು, ಹೇಳಿದ ಹಾಗೆ ಬಗ್ಗುತ್ತದೆ. ಬಗ್ಗಿದ ಉಕ್ಕು ಮೇಲಿನ ಭಾರ ಹೊರಲಾರದು. ಅಣ್ಣ ಬಿಡಲಿಲ್ಲ. ಮುಂದಿನ ವಾರಕ್ಕೆ ಬೇರೆ ಪ್ರಶ್ನೆ ಸಿದ್ಧವಾಗಿತ್ತು. ಅಷ್ಟು ಬೇಗ ಹೇಗೆ ಬಿತ್ತು? ಪಕ್ಕಕ್ಕೆ ವಾಲದೆ ನೆಟ್ಟಗೆ ಹೇಗೆ ಬಿತ್ತು? ಹೊಗೆ ಯಾಕೆ ಚಿಮ್ಮಿತು? ಒಂದೊಂದಕ್ಕೂ ಉತ್ತರ ಹುಡುಕಲು ನಾನು ಕಾಲೇಜು ಬಿಟ್ಟ ಮೇಲೆ ಕೊಪ್ಪದ ಸೈಬರ್ ಸೆಂಟರಿನಲ್ಲಿ ಕೂರತೊಡಗಿದೆ. ಅಲ್ಲಿ ಇಂಟರ್ನೆಟ್ಟಿನಲ್ಲಿ ಇದೇ ವಿಷಯಕ್ಕೆ ಜಗತ್ತಿನ ಜನ ಇಂಗ್ಲಿಷಿನಲ್ಲಿ ಕಿತ್ತಾಡುತ್ತಿದ್ದರು. ನಾನೂ ಒಂದು ಸುಳ್ಳು ಹೆಸರಿನಲ್ಲಿ ಸೇರಿಕೊಂಡೆ. ಬೀಳುವ ಅಂತಸ್ತು ಕೆಳಗಿನ ಗಾಳಿಯನ್ನು ಎಲ್ಲಿಗಾದರೂ ತಳ್ಳಲೇಬೇಕು, ಕಿಟಕಿಯಿಂದ ಚಿಮ್ಮುವುದು ಅದೇ ಎಂದು ಬರೆದೆ. ಒಬ್ಬ ನನ್ನನ್ನು ಅಮೆರಿಕ ಸರ್ಕಾರದ ಕೂಲಿಯಾಳು ಎಂದ. ಅದನ್ನು ಅಣ್ಣನಿಗೆ ಹೇಳಿದಾಗ ಅವನು ಎದೆ ಹಿಡಿದುಕೊಂಡು ನಕ್ಕ. "ಸಂಬಳ ಕೊಡ್ತಾರಂತಾ? ಹಂಗಾರೆ ಬಸ್ಸಲ್ಲಿ ಎಂತಕ್ಕೆ ಬತ್ತೀಯ ಮಾರಾಯ್ತಿ, ಹೆಲಿಕಾಪ್ಟರ್ ಕೇಳು."

ಅವನ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅದು ಸಿ.ಡಿ.ಯಲ್ಲಿ ಇತ್ತೋ, ಅವನಿಗೇ ಹೊಳೆದಿತ್ತೋ ಗೊತ್ತಿಲ್ಲ. ಮೇಲಿನದು ಸಣ್ಣ ತುಂಡು, ಕೆಳಗಿನದು ದೊಡ್ಡದು. ಕೆಳಗಿನದು ಇಷ್ಟು ವರ್ಷ ಮೇಲಿನದನ್ನು ಹೊತ್ತುಕೊಂಡೇ ನಿಂತಿತ್ತು. ಹೊತ್ತವನನ್ನು ಹೊರೆ ಹೇಗೆ ಪುಡಿ ಮಾಡೀತು?

ಇದಕ್ಕೆ ಉತ್ತರವನ್ನು ಮಾತಿನಲ್ಲಿ ಹೇಳದೆ ಮಾಡಿ ತೋರಿಸಿದೆ. ಅತ್ತಿಗೆಯ ಹಳೆಯ ಹೂವಿನ ಬುಟ್ಟಿಯನ್ನು ಬೋರಲು ಹಾಕಿ, ಮೇಲೆ ಒಂದು ತೆಂಗಿನಕಾಯಿ ಇಟ್ಟೆ. ಬುಟ್ಟಿ ಹೊತ್ತುಕೊಂಡಿತು. ಅದೇ ಕಾಯನ್ನು ಎದೆಮಟ್ಟದಿಂದ ಬಿಟ್ಟೆ. ಬುಟ್ಟಿ ಚಪ್ಪಟೆಯಾಯಿತು. ಇಟ್ಟ ಭಾರ ಬೇರೆ, ಬೀಳುವ ಭಾರ ಬೇರೆ. ಮತ್ತೆ, ಬೀಳುವ ತುಂಡು ಇಡೀ ಗೋಪುರದ ಜೊತೆ ಹೋರಾಡಬೇಕಾಗಿಲ್ಲ. ಅದಕ್ಕೆ ಎದುರಾಗುವುದು ಒಂದು ಸಲಕ್ಕೆ ಒಂದು ಅಂತಸ್ತು ಮಾತ್ರ. ಆ ಅಂತಸ್ತು ಸೋತರೆ ಅದೂ ಬೀಳುವವರ ಗುಂಪಿಗೇ ಸೇರುತ್ತದೆ. ಮುಂದಿನದಕ್ಕೆ ಇನ್ನಷ್ಟು ಭಾರ. ಹೀಗೆ ಕೆಳಗಿನವರೆಗೂ.

ಅಣ್ಣ ಚಪ್ಪಟೆ ಬುಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಒಳಗಿನಿಂದ ಬಂದ ಅತ್ತಿಗೆ, ಅಮೆರಿಕದ ಕಟ್ಟಡ ಬಿದ್ದಿದ್ದಕ್ಕೆ ನನ್ನ ಬುಟ್ಟಿ ಎಂತ ತಪ್ಪು ಮಾಡಿತ್ತು ಎಂದು ಇಬ್ಬರನ್ನೂ ಬೈದಳು. ಅಣ್ಣ ಒಪ್ಪಲಿಲ್ಲ. "ಬುಟ್ಟಿ ಬುಟ್ಟಿಯೇ, ಗೋಪುರ ಗೋಪುರವೇ" ಎಂದ. ಬಸ್ಸಿನವರೆಗೂ ಬಂದು, ಬಸ್ಸು ಹೊರಟರೂ ಕಿಟಕಿಯ ಪಕ್ಕ ನಡೆಯುತ್ತ ವಾದ ಮಾಡಿದ. ಕಂಡಕ್ಟರ್ ಏನೋ ಆಸ್ತಿ ಜಗಳ ಎಂದುಕೊಂಡಿರಬೇಕು. ನಾನು ಕೊಪ್ಪ ಮುಟ್ಟುವವರೆಗೂ ಒಳಗೊಳಗೇ ನಗುತ್ತಿದ್ದೆ.

ಆ ಕಾಲದ ಡೈರಿಗಳು ನನ್ನ ಬಳಿ ಇವೆ. ಅವುಗಳ ತುಂಬ ವಾದಗಳೇ ಇವೆ, ಅಣ್ಣ ಹೀಗೆಂದ, ನಾನು ಹೀಗೆಂದೆ ಎಂದು. ಅಣ್ಣ ಆ ದಿನ ಬೇರೆ ಏನು ಮಾಡುತ್ತಿದ್ದ, ಏನು ಕಟ್ಟುತ್ತಿದ್ದ, ಕೆಲಸದ ನಡುವೆ ಏನು ಹೇಳಿದ ಎಂದು ಒಂದು ಸಾಲೂ ಇಲ್ಲ. ಮುಂದೆ ನನಗೆ ಬೇಕಾಗಿದ್ದು ಅಂಥ ಒಂದು ಸಾಲು.

ಸಿ.ಡಿ. ಬಂದ ಎರಡನೆಯ ವರ್ಷದ ಕೊಯ್ಲಿಗೆ ಅಣ್ಣ ಅಟ್ಟವನ್ನು ಉದ್ದ ಮಾಡಿದ. ಬೇಯಿಸಿದ ಅಡಿಕೆಯನ್ನು ಒಣಗಿಸಲು ಅಂಗಳದಲ್ಲಿ ಆಳೆತ್ತರಕ್ಕೆ ಕಟ್ಟುವ ಚಪ್ಪರವನ್ನು ನಾವು ಅಟ್ಟ ಎನ್ನುತ್ತೇವೆ. ಕಂಬ ನೆಟ್ಟು, ಕಂಬದ ತಲೆಯಲ್ಲಿ ಕೊರೆದ ಕಚ್ಚಿನೊಳಗೆ ಅಡ್ಡಮರ ಕೂರಿಸಿ, ಮೇಲೆ ಅಡಿಕೆ ಮರದ ಸೀಳುಗಳನ್ನು ಹಾಸಿ, ಚಾಪೆ ಬಿಡಿಸಿ ಅಡಿಕೆ ಹರಡುವುದು. ಸಂಜೆ ಇಬ್ಬನಿ ಬೀಳುವ ಮೊದಲು ಅಷ್ಟನ್ನೂ ನಡುವಿಗೆ ಎಳೆದು ರಾಶಿ ಮಾಡಿ ಟಾರ್ಪಾಲು ಹೊದಿಸುವುದು, ಬೆಳಿಗ್ಗೆ ಮತ್ತೆ ಹರಡುವುದು. ಕೊಯ್ಲು ಮುಗಿದ ಮೇಲೆ ಅಟ್ಟವನ್ನು ಬಿಚ್ಚಿಟ್ಟು, ಮರುವರ್ಷ ಅವೇ ಕಂಬಗಳನ್ನು ನೆಡುತ್ತಾರೆ. ಆ ಸಲ ಗಟ್ಟಿಯಾಗಿರಲಿ ಎಂದು ಅಣ್ಣ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಉದ್ದ ಬಿದಿರ ಗಳಗಳನ್ನು ಸೇರಿಸಿ, ಕಂಬಗಳ ನಡುವಿನ ಎಲ್ಲ ಅಂಕಣಗಳನ್ನೂ ಒಂದಕ್ಕೊಂದು ತಂತಿಯಿಂದ ಬಿಗಿದಿದ್ದ.

ಒಂದು ಸಂಜೆ ಅವನು ಮೇಲೆ ನಿಂತು ಅಡಿಕೆಯನ್ನು ರಾಶಿ ಮಾಡುತ್ತಿದ್ದಾಗ ನಡುವಿನ ಕಂಬವೊಂದು ಮುರಿಯಿತು. ಆ ಅಂಕಣ ಬಿತ್ತು, ಪಕ್ಕದ್ದನ್ನು ಎಳೆಯಿತು, ಅದು ತನ್ನ ಪಕ್ಕದ್ದನ್ನು. ಇಡೀ ಅಟ್ಟ ಅಂಗಳದುದ್ದಕ್ಕೂ ಮಲಗಿತು. ಅಣ್ಣ ರಾಶಿಯ ಮೇಲೆಯೇ ಕೆಳಗಿಳಿದ, ಮೈ ತರಚಿದ್ದಷ್ಟೆ. ಅತ್ತಿಗೆ ಅಟ್ಟದ ಕೆಳಗೆ ಗುಡಿಸುತ್ತಿದ್ದಳು. ಅವಳ ತೊಡೆಯ ಮೂಳೆ ಮುರಿಯಿತು.

ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಲ್ಲಿಂದ ಅವಳನ್ನು ಅವಳ ತಮ್ಮ ನರಸಿಂಹರಾಜಪುರದ ಕಡೆಯ ತನ್ನ ಮನೆಗೆ, ಕಡಹಿನಬೈಲಿಗೆ ಕರೆದುಕೊಂಡು ಹೋದ. ನಾನು ಮುಂದಿನ ಭಾನುವಾರ ಮೆಣಸೆಗೆ ಹೋದಾಗ ಅಣ್ಣ ಒಬ್ಬನೇ ಇದ್ದ. ಕಾಫಿ ತಾನೇ ಮಾಡಿದ. ಸಕ್ಕರೆ ಹಾಕುವುದು ಮರೆತಿದ್ದ. ಕುಡಿಯುವ ಮೊದಲೇ ನನ್ನನ್ನು ಅಂಗಳಕ್ಕೆ ಕರೆದೊಯ್ದು ಮುರಿದ ಕಂಬ ತೋರಿಸಿದ. ಮುರಿದ ತುದಿಯ ಒಂದು ಬದಿ ನಾರು ನಾರಾಗಿ ಸೀಳಿತ್ತು. ಇನ್ನೊಂದು ಬದಿಯಲ್ಲಿ ಒಂದು ಬೆರಳಗಲ ನುಣುಪಾಗಿತ್ತು.

"ಇದು ಗರಗಸದ್ದು" ಎಂದ. ಪಕ್ಕದ ಮನೆಯ ದೊಡ್ಡಪ್ಪನ ಮಗನ ಕೆಲಸ ಎಂದ. ಅಂಗಳದ ಗಡಿಯ ಸಲುವಾಗಿ ಎರಡೂ ಮನೆಗಳಿಗೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಒಂದು ಕಂಬ ತಾನಾಗಿ ಮುರಿದರೆ ಒಂದು ಅಂಕಣ ಬೀಳಬೇಕು, ಇಡೀ ಅಟ್ಟ ಹೇಗೆ ಬಿತ್ತು? ಒಂದೇ ಏಟಿಗೆ, ನೆಟ್ಟಗೆ? ಇನ್ನೂ ಎರಡು ಮೂರು ಕಂಬಗಳಿಗೆ ಅವನು ಮೊದಲೇ ಏನೋ ಮಾಡಿಟ್ಟಿರಲೇಬೇಕು.

ಆ ಮಾತುಗಳು ನನಗೆ ಎಷ್ಟು ಪರಿಚಿತವಾಗಿದ್ದವು ಎಂದರೆ ಬಾಯಿಗೆ ಉತ್ತರ ತಾನಾಗಿ ಬಂದಿತ್ತು. ಆದರೆ ಅಣ್ಣನ ಮುಖ ವಾದ ಮಾಡುವವನ ಮುಖವಾಗಿರಲಿಲ್ಲ. ಅವನು ಕಂಬವನ್ನು ನೋಡುತ್ತಲೇ, "ನಾನು ಮೇಲಿದ್ದೆ ಕೂಸೇ" ಎಂದ. "ಅವಳು ಕೆಳಗಿದ್ಲು."

ಯಾರೋ ಕೊಯ್ದಿದ್ದರೆ ಅತ್ತಿಗೆಯ ಕಾಲು ಮುರಿದಿದ್ದು ಆ ಯಾರೋ. ಯಾರೂ ಕೊಯ್ಯದಿದ್ದರೆ, ಅಟ್ಟ ಉದ್ದ ಮಾಡಿದವನು, ತಂತಿ ಬಿಗಿದವನು, ಸಂಜೆ ಅಷ್ಟೂ ಅಡಿಕೆಯನ್ನು ಆ ಒಂದು ಅಂಕಣಕ್ಕೆ ಎಳೆದು ಗುಡ್ಡೆ ಹಾಕಿದವನು ಅಣ್ಣ.

ನುಣುಪಾದ ಆ ಬೆರಳಗಲದ ಬಗ್ಗೆ ನನಗೊಂದು ನೆನಪು ಬಂತು. ಕೊಯ್ಲಿಗೆ ಮುಂಚಿನ ಒಂದು ಭಾನುವಾರ, ಕಂಬ ನೆಡುತ್ತಿದ್ದ ಅಣ್ಣ, ಇದರ ಬುಡ ಗೆದ್ದಲು ತಿಂದಿದೆ, ತಲೆಕೆಳಗೆ ಮಾಡಿ ನೆಡುತ್ತೇನೆ ಎಂದಿದ್ದ. ಹಾಗೆ ನೆಟ್ಟರೆ ಹಿಂದಿನ ವರ್ಷ ತಲೆಯಲ್ಲಿ ಕೊರೆದ ಕಚ್ಚು ಈಗ ಬುಡಕ್ಕೆ, ನೆಲದ ಮಟ್ಟಕ್ಕೆ ಬರುತ್ತದೆ. ಕಂಬ ತೆಳುವಾಗಿದ್ದಲ್ಲೇ ನೀರೂ ನಿಲ್ಲುತ್ತದೆ. ಅಲ್ಲೇ ಮುರಿಯುತ್ತದೆ, ಒಂದು ಬದಿಗೆ ಹಳೆಯ ಕೊರೆತದ ನುಣುಪು ಉಳಿಯುತ್ತದೆ. ನಾನು ಮೆಲ್ಲಗೆ ಕೇಳಿದೆ. ಅವನು, ಹಂಗೆ ನಾನು ಯಾವ ಕಂಬವನ್ನೂ ನೆಡಲಿಲ್ಲ ಎಂದ. ಸುಳ್ಳು ಹೇಳಿದ ಹಾಗಿರಲಿಲ್ಲ. ನಿಜವಾಗಿ ಮರೆತಿದ್ದನೇ? ಅಥವಾ ಅವನು ಹೇಳಿದ್ದೇ ಬೇರೆ ಕಂಬದ, ಬೇರೆ ವರ್ಷದ ಮಾತೇ? ಕೊಪ್ಪಕ್ಕೆ ಹೋಗಿ ಡೈರಿ ತೆಗೆದು ನೋಡಿದೆ. ಆ ತಿಂಗಳ ಭಾನುವಾರಗಳೆಲ್ಲ ಗೋಪುರಗಳಿಂದ ತುಂಬಿದ್ದವು. ಕಂಬ ಎಲ್ಲೂ ಇರಲಿಲ್ಲ. ಈಗಲೂ ಆ ಮಾತು ನನ್ನ ಕಿವಿಯಲ್ಲಿ ಅವನ ದನಿಯಲ್ಲೇ ಕೇಳಿಸುತ್ತದೆ. ಆದರೆ ವಾದಕ್ಕೆ ಬೇಕಾದ ಸಾಕ್ಷಿ ಅಷ್ಟು ಸರಿಯಾದ ಹೊತ್ತಿಗೆ ನೆನಪಾದರೆ ಅದನ್ನು ಅನುಮಾನಿಸಬೇಕು ಎಂದು ನಾನೇ ಸೈಬರ್ ಸೆಂಟರಿನಲ್ಲಿ ಕೂತು ಯಾರಿಗೋ ಬುದ್ಧಿ ಹೇಳಿದ್ದೆ.

ವಿಷಯ ಊರಿನಲ್ಲಿ ಹಬ್ಬಿತು. ಹಿರಿಯರು ನಾಲ್ಕು ಜನ ನಮ್ಮ ಜಗಲಿಯಲ್ಲಿ ಸೇರಿ ಮಾತಾಡುವುದು ಎಂದಾಯಿತು. ನಾನು ಬರಲೇಬೇಕು ಎಂದು ಅಣ್ಣ ಫೋನು ಮಾಡಿದ. ದೊಡ್ಡಪ್ಪನ ಮಗ ಜಗಲಿಯ ಮೇಲೆ ಕೂರಲಿಲ್ಲ, ಮೆಟ್ಟಿಲ ಬಳಿ ನಿಂತೇ ಇದ್ದ. ತಾನು ಆ ಕಂಬ ಮುಟ್ಟಿದವನಲ್ಲ, ಬೇಕಾದರೆ ಕಿಗ್ಗದ ದೇವರ ಮುಂದೆ ಪ್ರಮಾಣ ಮಾಡುತ್ತೇನೆ ಎಂದ. ನಮ್ಮ ಕಡೆ ದೇವರ ಮುಂದೆ ಪ್ರಮಾಣವಾದರೆ ಮತ್ತೆ ಮಾತಿಲ್ಲ. ಮಾಡಿದವನೂ ಮಾಡಿಸಿದವನೂ ಆ ಭಯದಲ್ಲೇ ವರ್ಷಗಟ್ಟಲೆ ಬದುಕುತ್ತಾರೆ. ಹಿರಿಯರೊಬ್ಬರು ಹಾಗೇ ಆಗಲಿ ಎಂದರು.

"ಪ್ರಮಾಣ ಎಲ್ಲ ಬೇಡ" ಎಂದ ಅಣ್ಣ. "ನನ್ನ ತಂಗಿ ಇದ್ದಾಳೆ. ಇದನ್ನೇ ಓದಿದವಳು. ಒಂದು ಕಂಬ ಹೋದ್ರೆ ಇಡೀ ಅಟ್ಟ ಮಲಗ್ತದಾ ಅಂತ ಅವಳೇ ಹೇಳ್ಲಿ. ಅವಳು ಹೇಳಿದ್ದು ನಂಗೆ ಪ್ರಮಾಣ."

ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ವರ್ಷ ಒಂದು ಸಲವೂ ಒಪ್ಪದ ನನ್ನ ಮಾತನ್ನು ಅವನು ದೇವರ ಜಾಗದಲ್ಲಿ ಇಟ್ಟಿದ್ದ. ಅವನು ನನ್ನನ್ನು ನೋಡಿದ ರೀತಿ ಮಾತ್ರ ಸ್ಪಷ್ಟವಾಗಿ ನೆನಪಿದೆ, ಅದನ್ನು ನಾನು ಅನುಮಾನಿಸಲಾರೆ. ಕೇಳುವವನ ನೋಟವಾಗಿತ್ತು. ಒಂದು ಸಲ, ಈ ಒಂದು ಸಲ, ನನ್ನ ಪಕ್ಷಕ್ಕೆ ಬಾ ಎನ್ನುವಂತೆ.

ಮೆಟ್ಟಿಲ ಬಳಿ ನಿಂತವನ ಮಕ್ಕಳು ಬೇಲಿಯಾಚೆಯಿಂದ ನೋಡುತ್ತಿದ್ದರು.

"ಮಲಗ್ತದೆ" ಎಂದೆ. "ಯಾರೂ ಕೊಯ್ಯೋದು ಬೇಡ."

ಆಮೇಲೆ ವಿವರಿಸಿದೆ. ಹರಡಿದ ಅಡಿಕೆಯ ಭಾರವನ್ನು ಎಲ್ಲ ಕಂಬಗಳೂ ಹಂಚಿಕೊಳ್ಳುತ್ತವೆ, ರಾಶಿ ಮಾಡಿದಾಗ ಒಂದೆರಡು ಕಂಬಗಳೇ ಹೊರಬೇಕು. ಒಂದು ಮುರಿದರೆ ಅದರ ಪಾಲು ಪಕ್ಕದವುಗಳ ಮೇಲೆ, ಅದೂ ಇಟ್ಟ ಭಾರವಾಗಿ ಅಲ್ಲ, ಬೀಳುವ ಭಾರವಾಗಿ. ಎಲ್ಲವನ್ನೂ ಒಂದೇ ತಂತಿಯಲ್ಲಿ ಬಿಗಿದಿದ್ದರಿಂದ ಬಿದ್ದ ಅಂಕಣ ನಿಂತದ್ದನ್ನು ಬಿಟ್ಟುಹೋಗದೆ ಎಳೆದುಕೊಂಡಿತು. ತಲೆಕೆಳಗಾದ ಕಂಬದ ಮಾತು ನಾನು ಎತ್ತಲಿಲ್ಲ. ನನಗೆ ಖಾತ್ರಿಯಿಲ್ಲದ್ದನ್ನು ಹೇಳಬಾರದು ಎಂದು ಎತ್ತಲಿಲ್ಲವೋ, ಅವನಿಗೆ ಅಷ್ಟಾದರೂ ಉಳಿಯಲಿ ಎಂದೋ, ಎರಡೂ ಇರಬೇಕು. ನುಣುಪು ಗುರುತು ಹಳೆಯ ಕಚ್ಚಿನದೂ ಇರಬಹುದು ಎಂದಷ್ಟೇ ಹೇಳಿದೆ.

ಹಿರಿಯರಿಗೆ ನಾನು ಹೇಳಿದ್ದು ಪೂರ್ತಿ ಅರ್ಥವಾಯಿತೋ ಇಲ್ಲವೋ, ಕಾಲೇಜಿನ ಮೇಡಂ ಹೇಳಿದ ಮೇಲೆ ಮುಗಿಯಿತು ಎಂದು ಎದ್ದರು. ದೊಡ್ಡಪ್ಪನ ಮಗ ನನ್ನನ್ನು ನೋಡಿ ತಲೆಯಾಡಿಸಿ ಹೋದ. ಅಣ್ಣ ಎಲ್ಲರ ಲೋಟಗಳನ್ನು ಎತ್ತಿ ತೊಳೆಯಲು ಒಯ್ದ. ಅವನು ಲೋಟ ತೊಳೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ವಾದ ಮಾಡಲಿ ಎಂದು ಹಿಂದೆ ಹೋಗಿ ನಿಂತೆ. ಬುಟ್ಟಿ ಬುಟ್ಟಿಯೇ, ಅಟ್ಟ ಅಟ್ಟವೇ ಎನ್ನಲಿ ಎಂದು ಕಾದೆ. ಅವನು, ಕತ್ತಲಾಗುವುದರೊಳಗೆ ಕೊಪ್ಪ ಮುಟ್ಟಬೇಕಲ್ಲ, ಯಾವ ಬಸ್ಸಿಗೆ ಹೋಗ್ತೀಯ ಎಂದು ಕೇಳಿದ.

ಒಂದು ಭಾನುವಾರ ಕಡಹಿನಬೈಲಿಗೆ ಹೋಗಿ ಅತ್ತಿಗೆಯನ್ನು ನೋಡಿ ಬಂದೆ. ಅವಳು ಕೋಲು ಹಿಡಿದು ಕೋಣೆಯಿಂದ ಜಗಲಿಗೆ ನಡೆಯುತ್ತಿದ್ದಳು. ನಾನು ಹಿರಿಯರ ಮುಂದೆ ಹೇಳಿದ್ದು ಅವಳಿಗೂ ಮುಟ್ಟಿತ್ತು. ನೀನು ಸರಿಯಾಗಿಯೇ ಹೇಳಿದೆ, ಇಲ್ಲದಿದ್ದರೆ ಆ ಮನೆಯ ಮಕ್ಕಳ ಮುಖ ನಾನು ಹೇಗೆ ನೋಡುತ್ತಿದ್ದೆ ಎಂದಳು. ಕೋಲನ್ನು ಗೋಡೆಗೆ ಒರಗಿಸಿ ಕೂತು, "ನಿನ್ನಣ್ಣ ವಾರಕ್ಕೆ ಎರಡು ಸಲ ಬತ್ತಾರೆ" ಎಂದಳು. "ಬಂದು ಕಾಲಿನ ಹತ್ರ ಕೂತ್ಕೊಳ್ತಾರೆ. ಮಾತೇ ಇಲ್ಲ."

ಮರುವರ್ಷದ ಕೊಯ್ಲಿನ ಹೊತ್ತಿಗೆ ಅವಳು ಮೆಣಸೆಗೆ ವಾಪಸು ಬಂದಿದ್ದಳು. ಅಂಗಳದಲ್ಲಿ ಹೊಸ ಅಟ್ಟ ಎದ್ದಿತ್ತು. ನಾನು ಗೇಟಿನ ಬಳಿಯೇ ನಿಂತುಬಿಟ್ಟೆ. ಅಣ್ಣ ಅದನ್ನು ಒಂದೇ ಅಟ್ಟವಾಗಿ ಕಟ್ಟಿರಲಿಲ್ಲ. ಒಂದೊಂದು ಅಂಕಣವೂ ಬೇರೆ ಬೇರೆ, ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗ. ಯಾವುದನ್ನೂ ಯಾವುದಕ್ಕೂ ಬಿಗಿದಿರಲಿಲ್ಲ. ಕಂಬಗಳೆಲ್ಲ ಹೊಸವು. ರಾಶಿಯನ್ನೂ ಒಂದೊಂದರ ಮೇಲೆ ಒಂದೊಂದು ಸಣ್ಣದಾಗಿ ಮಾಡಿ ಹೊದಿಸಿದ್ದ. ಒಂದು ಬಿದ್ದರೆ ಒಂದೇ ಬೀಳಬೇಕು, ಹಾಗೆ. ನನ್ನ ಮಾತನ್ನು ಅಷ್ಟು ಪೂರ್ತಿಯಾಗಿ ನಂಬಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ನಂಬಿದೆ ಎಂದು ಅವನು ಹೇಳಲಿಲ್ಲ, ಅಟ್ಟ ಚೆನ್ನಾಗಿದೆ ಎಂದು ನಾನೂ ಹೇಳಲಿಲ್ಲ.

ಕೊಪ್ಪದಲ್ಲಿ ಆ ಸಂಜೆಗಳಲ್ಲಿ ಇನ್ನೂ ಕೆಲವು ಸಲ ಸೈಬರ್ ಸೆಂಟರಿಗೆ ಹೋಗಿದ್ದೆ. ಯಾವುದೋ ದೇಶದ ಯಾರೋ ಒಬ್ಬ, ಹೊತ್ತವನನ್ನು ಹೊರೆ ಪುಡಿ ಮಾಡುವುದು ಹೇಗೆ ಎಂದು ಅಣ್ಣನ ಪ್ರಶ್ನೆಯನ್ನೇ ಕೇಳಿದ್ದ. ಉತ್ತರ ಬರೆಯಲು ಹೊರಟು ನಿಲ್ಲಿಸಿದೆ. ಎಲ್ಲರೂ ಮೋಸಗಾರರು ಎಂದು ಬರೆಯುವ ಇವರ ಮನೆಗಳಲ್ಲಿ ಏನೇನು ಬಿದ್ದಿದೆಯೋ, ಬಿದ್ದಾಗ ಮೇಲೆ ಯಾರಿದ್ದರೋ, ಕೆಳಗೆ ಯಾರಿದ್ದರೋ ಎಂಬ ಯೋಚನೆ ಬಂತು. ಬಹುಶಃ ಏನೂ ಬಿದ್ದಿರಲಿಕ್ಕಿಲ್ಲ. ಒಬ್ಬ ಅಣ್ಣನನ್ನು ನೋಡಿ ಜಗತ್ತಿಗೆಲ್ಲ ಅದೇ ಲೆಕ್ಕ ಹಾಕುವುದೂ ವಿಜ್ಞಾನವಲ್ಲ. ಆದರೂ ಬರೆಯಲಿಲ್ಲ.

ಹೊಸ ಅಟ್ಟದ ಆ ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ನಾನೂ ಅಣ್ಣನೂ ಕೂತಿದ್ದೆವು. ಸಿ.ಡಿ. ಟಿ.ವಿ.ಯ ಪಕ್ಕದಲ್ಲೇ ಇತ್ತು. ನಾನೇ ಮಾತು ತೆಗೆದೆ. ಈಚೆಗೆ ಯೋಚಿಸುತ್ತಿದ್ದೇನೆ, ಗೋಪುರಗಳ ವಿಷಯದಲ್ಲಿ ನೀನು ಹೇಳಿದ್ದರಲ್ಲಿ ಏನೋ ಇದೆ ಅನಿಸುತ್ತದೆ ಎಂದೆ. ಅಷ್ಟು ನೆಟ್ಟಗೆ ಹೇಗೆ ಬಿತ್ತು? ಮೇಲಿನ ಸಣ್ಣ ತುಂಡು ಅಷ್ಟು ದೊಡ್ಡದನ್ನು ಹೇಗೆ ಮಲಗಿಸಿತು? ಸಿ.ಡಿ.ಯಲ್ಲಿ ಇದ್ದದ್ದು, ಇಂಟರ್ನೆಟ್ಟಿನಲ್ಲಿ ಓದಿದ್ದು, ನಾನೇ ಎಷ್ಟೋ ಸಲ ಹೊಡೆದು ಹಾಕಿದ್ದು, ಎಲ್ಲವನ್ನೂ ಒಂದೊಂದಾಗಿ ಅವನ ಮುಂದೆ ಇಟ್ಟೆ. ಅವನಿಗಿಂತ ಚೆನ್ನಾಗಿಯೇ ವಾದಿಸಿದೆ.

ಅಣ್ಣ ಅಂಗಳದ ಕಡೆ ನೋಡುತ್ತ ಕೇಳಿಸಿಕೊಂಡ.

"ಇಲ್ಲ ಕೂಸೇ, ನೀ ಮೊದ್ಲು ಹೇಳಿದ್ದೇ ಸರಿ" ಎಂದ. ನನ್ನ ಚೀಲ ಎತ್ತಿಕೊಟ್ಟು, "ಹೊರಡು, ಬಸ್ಸಿಗೆ ಹೊತ್ತಾಗ್ತದೆ" ಎಂದ.